ಉಪ್ಪುಗಾಳಿಗೆ ಗಚ್ಚಿನ ಗೋಡೆ: ಕಾಣಕೋಣದಲ್ಲಿ ನನ್ನ ಮನೆ ನಿಂತ ಕಥೆ

ಮೊನ್ನೆ ಚೌತಿ ಊಟಕ್ಕೆ ಬಂದ, ಗೋಡೆ ಕಟ್ಟೋ ನಮ್ಮ ಹಿರಿಯ ಗವಂಡಿ, ಕಾಲು ತೊಳೆಯೋ ಮೊದಲೇ ಹಿತ್ತಲಿಗೆ ಹೋಗಿ ಪಡುವಣ ಗೋಡೆಗೆ ಅಂಗೈ ಒತ್ತಿ ನಿಂತ. ಐದಾರು ವರ್ಷದ ಹಿಂದೆ ಇದೇ ಗೋಡೆ ನೋಡಿ 'ಸಾವ್ಕಾರ್ರೇ, ಆಷಾಢಕ್ಕ ಇದು ಮೊಸರಾಗತೈತಿ' ಅಂದಿದ್ದವನು ಅವನೇ. ಈ ಸಲ ಉಗುರಿನಿಂದ ಕೆರೆದು ನೋಡಿದ. ಪುಡಿ ಬರಲಿಲ್ಲ. ಏನೂ ಅನ್ನದೆ ಬಂದು ಎಲೆ ಮುಂದೆ ಕೂತ. ಇದನ್ನು ಬರೆದುಬಿಡಬೇಕು ಅಂತ ಅವತ್ತೇ ಅನಿಸಿತು.

ನಾನು ಬಾದಾಮಿ ಕಡೆಯವನು. 2002ರಲ್ಲಿ ಗೋವಾಕ್ಕೆ ಬಂದೆ. ಮಡಗಾಂವ್‌ನಲ್ಲಿ ಬಾಂಡಲಿ ಹೊತ್ತೆ, ಆಮೇಲೆ ಲೇಬರ್ ಕಂಟ್ರಾಕ್ಟ್ ಹಿಡಿದೆ, ಈಗ ಹನ್ನೆರಡೋ ಹದಿಮೂರೋ ವರ್ಷದಿಂದ ಕಾಣಕೋಣದಲ್ಲಿ ಪೂರಾ ಮನೆ ಕಟ್ಟಿ ಚಾವಿ ಕೊಡುತ್ತೇನೆ. ಪಾಳೊಳೆಂ, ಪಾಟ್ನೆಂ, ಅಗೊಂದ ಎಲ್ಲಾ ಕಡೆ ನಾನು ಕಟ್ಟಿದ್ದು ಇದೆ. ಇಲ್ಲಿ ವರ್ಷಕ್ಕೆ ಎರಡೇ ಕಾಲ, ಪ್ರವಾಸಿಗರ ಸೀಜನ್ ಮತ್ತು ಮಳೆ. ಮೇ ಮುಗಿಯೋ ಹೊತ್ತಿಗೆ ದಂಡೆಯ ಗುಡಿಸಲು ಬಿಚ್ಚಿ ಕಟ್ಟಿಡುತ್ತಾರೆ, ಅಕ್ಟೋಬರ್‌ಗೆ ಮತ್ತೆ ಹೂಡುತ್ತಾರೆ. ನಮ್ಮ ಕೆಲಸದ ಲೆಕ್ಕವೂ ಅದೇ.

ಗಿರಾಕಿಗಳು ಮುಂಬೈ, ಪುಣೆ, ಬೆಂಗಳೂರಿನವರು. ಎಲ್ಲರ ಫೋನಿನಲ್ಲೂ ಒಂದೇ ಥರದ ಫೋಟೋ: ಚಪ್ಪಟೆ ಸ್ಲ್ಯಾಬ್, ಬೂದಿ ಬಣ್ಣದ ಗೋಡೆ, ಸಮುದ್ರದ ಕಡೆ ಪೂರಾ ಗಾಜು. ಕಟ್ಟಿಕೊಡುತ್ತೇನೆ, ಹೊಟ್ಟೆಪಾಡು. ಎರಡನೇ ಮಳೆ ಮುಗಿದ ಮೇಲೆ ಫೋನ್ ಬರುತ್ತೆ, 'ಗೋಡೆ ಮೇಲೆ ಗುಳ್ಳೆ ಎದ್ದಿದೆ' ಅಂತ. ಏಳದೆ ಇನ್ನೇನು? ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದೂ ನೈಋತ್ಯದಿಂದ ಅಡ್ಡಡ್ಡ ಬೀಳೋದು. ಒಳಗೆ ನೀರು ಕುಡಿಯೋ ಚೀರೆಕಲ್ಲು (ಕೆಂಪು ಮುರಕಲ್ಲು), ಹೊರಗೆ ಸಿಮೆಂಟ್ ಗಿಲಾವು, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ. ಬಿರುಕಲ್ಲಿ ಒಳಗೆ ಹೋದ ನೀರು ಹೊರಗೆ ಬರೋಕೆ ದಾರಿ ಇಲ್ಲ. ಉಪ್ಪು ಬೇರೆ ಜೊತೆಗೆ ಕೂತಿರುತ್ತೆ. ಒಬ್ಬ ಗಿರಾಕಿ ಎರಡು ವರ್ಷಕ್ಕೊಮ್ಮೆ ಹೊರಗಿನ ಬಣ್ಣಕ್ಕೇ ಎಂಬತ್ತು ತೊಂಬತ್ತು ಸಾವಿರ ಸುರಿಯುತ್ತಾನೆ. ಅದರಲ್ಲಿ ನನಗೂ ಲಾಭ ಇದೆ, ಸುಳ್ಳು ಯಾಕೆ ಹೇಳಲಿ.

ನನ್ನ ಸ್ವಂತ ಮನೆಯ ಜಾಗ ಸಮುದ್ರದಿಂದ ಮುಕ್ಕಾಲು ಕಿಲೋಮೀಟರ್. ದಂಡೆಗೆ ಹತ್ತಿರ ಸಿಗುತ್ತಿತ್ತು, ನಾನೇ ಬೇಡ ಅಂದೆ. ಉಬ್ಬರದ ನೀರು ಮುಟ್ಟೋ ಗೆರೆಯಿಂದ 200 ಮೀಟರ್ ಒಳಗೆ ಹೊಸ ಮನೆ ಕಟ್ಟೋ ಹಾಗಿಲ್ಲ, 500ರ ತನಕ ನೂರೆಂಟು ಕಟ್ಟಳೆ. ಗಾಳಿಗೆ ಮಾತ್ರ ಯಾವ ಗೆರೆಯೂ ಇಲ್ಲ. ಮುಕ್ಕಾಲು ಕಿಲೋಮೀಟರ್ ಆಚೆಗೂ ಗೇಟಿನ ಚಿಲಕ ವರ್ಷದಲ್ಲಿ ಕಂದು ಆಗುತ್ತೆ.

ಸಿಮೆಂಟ್ ಗಿಲಾವು ಬೇಡ, ಗಚ್ಚು (ಸುಣ್ಣ ಮರಳಿನ ಗಾರೆ) ಹಾಕೋಣ ಅಂತ ತೀರ್ಮಾನ ಮಾಡಿದಾಗ ನಕ್ಕವರೇ ಜಾಸ್ತಿ. ನಮ್ಮಜ್ಜ ಊರಲ್ಲಿ ಬಾವಿ ಕಟ್ಟೆಗೆ ಗಚ್ಚು ಹಾಕುತ್ತಿದ್ದ, ನಾನು ಎಂಟು ವರ್ಷದವನಾಗಿ ಅದನ್ನು ತುಳಿದಿದ್ದೆ. ಅಷ್ಟೇ ನನ್ನ ಓದು. ಆ ಧೈರ್ಯದ ಮೇಲೆ ಶುರು ಮಾಡಿ ಮೂರು ಸಲ ಕೆಟ್ಟೆ.

ಮೊದಲ ಸಲ ಮಾರ್ಚ್ ಕೊನೆಗೆ ಬಳಿದೆ. ಗಿರಾಕಿಯ ಕೆಲಸ ಮುಗಿದು ಹುಡುಗರು ಖಾಲಿ ಇದ್ದರು, ಅದೇ ಕಾರಣ. ಬಿಸಿಲು, ಮೇಲೆ ಮಧ್ಯಾಹ್ನದ ಸಮುದ್ರಗಾಳಿ. ನಾಲ್ಕು ದಿನಕ್ಕೆ ಗೋಡೆ ತುಂಬಾ ಜೇಡರಬಲೆ ಥರ ಬಿರುಕು. ಅದನ್ನೇ ತೇಪೆ ಹಾಕಿ ಉಳಿಸಿಕೊಂಡೆ. ಜೂನ್ ಎರಡನೇ ವಾರದ ಮಳೆಗೆ ಮೂಲೆಯಿಂದ ಕಳಚಿ ಬಿತ್ತು, ಒಳಗಿನ ಪದರ ಇನ್ನೂ ಹಸಿ! ಗಚ್ಚಿಗೆ ಗಾಳಿ ಕುಡಿದು ಕಲ್ಲಾಗೋಕೆ ತಿಂಗಳುಗಟ್ಟಲೆ ಬೇಕು, ಇದು ನಿಮಗೂ ಗೊತ್ತು ನನಗೂ ಗೊತ್ತಿತ್ತು. ಆದರೂ ಅವಸರ. ಗವಂಡಿ 'ಮೊಸರು' ಅಂದಿದ್ದು ಆಗಲೇ.

ಎರಡನೇ ಸಲ ನವೆಂಬರ್‌ನಲ್ಲೇ ಹಿಡಿದೆ. ಕಾಲ ಸರಿ ಇತ್ತು, ಸುಣ್ಣ ಸರಿ ಇತ್ತು, ಆದರೂ ಫೆಬ್ರವರಿಗೆ ಗೋಡೆ ಮೇಲೆ ಬಿಳಿ ಹತ್ತಿ ಅರಳಿದ ಹಾಗೆ ಉಪ್ಪು. ತಲೆ ಕೆಡಿಸಿಕೊಂಡು ಮರಳು ಬದಲಾಯಿಸಿದೆ, ಕಲ್ಲು ಬೈದೆ. ಕೊನೆಗೆ ನನ್ನ ಹೆಂಡತಿ, 'ಆ ಬಾವಿ ನೀರಿಗೆ ಬೇಳೆ ಬೇಯೋದಿಲ್ಲ, ನಿಮ್ಮ ಸುಣ್ಣ ಬೇಯುತ್ತಾ?' ಅಂದಳು. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿದ್ದು ಬೇಸಿಗೆಯಲ್ಲಿ, ಆಗ ಬಾವಿ ನೀರು ಸವಳು! ಅಷ್ಟನ್ನೂ ಕೆರೆದು ತೆಗೆದೆವು. ಮುಂದಿನ ಸುಣ್ಣಕ್ಕೆ ಟ್ಯಾಂಕರ್ ನೀರು ತರಿಸಿದೆ, ಒಂದಕ್ಕೆ ಸಾವಿರದ ಇನ್ನೂರರ ಹಾಗೆ ನಾಲ್ಕೋ ಐದೋ ಟ್ಯಾಂಕರ್.

ಮೂರನೇದು ಹೇಳೋಕೂ ನಾಚಿಕೆ. ಗಚ್ಚು ಚಿನ್ನದ ಹಾಗೆ ಕೂತಿತ್ತು. ನಾನು ಊರಿಗೆ ಜಾತ್ರೆಗೆ ಹೋಗಿದ್ದಾಗ ಪೇಂಟರ್ ಹುಡುಗ ಉಪಕಾರ ಮಾಡೋಣ ಅಂತ ಉಳಿದಿದ್ದ ಎಮಲ್ಷನ್, ಅದೇ ಪ್ಲಾಸ್ಟಿಕ್ ಬಣ್ಣ, ಹೊಡೆದುಬಿಟ್ಟ! ಮಳೆಗೆ ಹಪ್ಪಳದ ಥರ ಎದ್ದು ಬಂತು. ಬಣ್ಣ ಮಾತ್ರ ಕೆರೆಸಿ ಸುಣ್ಣದ ತಿಳಿ ಐದು ಕೈ ಹೊಡೆಸಿದೆ, ಹಾಲಿನಷ್ಟು ತೆಳ್ಳಗೆ, ಒಂದೊಂದು ಕೈಗೂ ಗೋಡೆ ಒದ್ದೆ ಮಾಡಿ. ಆಮೇಲೆ ಈ ಗೋಡೆ ಮೂರು ಮಳೆ ಕಂಡಿದೆ.

ಈಗ ಮಾಡೋ ರೀತಿ ಇಷ್ಟು. ಚಿಪ್ಪು ಸುಟ್ಟ ಸುಣ್ಣವನ್ನು ಮೇ ತಿಂಗಳಲ್ಲೇ ಸಿಹಿನೀರಲ್ಲಿ ಅರಳಿಸಿ ಗುಂಡಿಯಲ್ಲಿ ನೀರಿನ ಕೆಳಗೆ ಮುಚ್ಚಿಡುತ್ತೇನೆ, ಮಳೆಗಾಲ ಪೂರ್ತಿ ಅದು ಬೆಣ್ಣೆ ಆಗಲಿ ಅಂತ. ಅಕ್ಟೋಬರ್‌ನಲ್ಲಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಳೆಮರಳು, ಸ್ವಲ್ಪ ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಮೂರು ಪದರ, ನಡುವೆ ಹತ್ತು ದಿನ ಬಿಡುವು, ಗೋಣಿತಾಟು ಕಟ್ಟಿ ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಕ್ರಿಸ್ಮಸ್ ಒಳಗೆ ಕೈ ತೊಳೆದುಕೊಳ್ಳಬೇಕು. ಮೊದಲ ಮಳೆಗಾಲ ಮಾತ್ರ ಪಡುವಣಕ್ಕೆ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಇಲ್ಲಿನ ಹಳಬರು ಕಟ್ಟುತ್ತಿದ್ದ ಹಾಗೆ. ಕೊನೇ ಪದರಕ್ಕೆ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು. ಎಷ್ಟು, ಎಷ್ಟು ದಿನ ಕೊಳೆಸಬೇಕು, ಇನ್ನೊಂದೇನು ಸೇರಿಸುತ್ತೇನೆ ಅನ್ನೋದು ಇಲ್ಲಿ ಬರೆಯಲ್ಲ. ಚೌತಿ ದಿನ ಗವಂಡಿ ಮೆಲ್ಲಗೆ 'ಬೆಲ್ಲ ಎಷ್ಟು ಹಾಕೀರಿ?' ಅಂದ. ನಾನು ಬಾಯಿ ಬಿಡೋ ಮೊದಲೇ ಹೆಂಡತಿ ಪಾಯಸದ ಅಳತೆ ಹೇಳಿದಳು. ಅವನು ಅದನ್ನೇ ನೆನಪಿಟ್ಟುಕೊಂಡು ಹೋಗಿರಬೇಕು. ಸುಣ್ಣ ಕೊಡೋರು ಕಾರವಾರದ ಆಚೆಯವರು, ಅವರ ನಂಬರೂ ಕೊಡಲ್ಲ. ವರ್ಷಕ್ಕೆ ಅವರು ಸುಡೋದೇ ನಾಲ್ಕು ಗೂಡು.

ದುಡ್ಡಿನ ಮಾತು. ಸಿಮೆಂಟ್ ಗಿಲಾವು, ವಾಟರ್‌ಪ್ರೂಫ್, ಬಣ್ಣ ಸೇರಿ ಚದರ ಅಡಿಗೆ ಎಪ್ಪತ್ತರಷ್ಟು ಬೀಳುತ್ತಿತ್ತು. ಗಚ್ಚು ನನಗೆ ನೂರಿಪ್ಪತ್ತು ಬಿತ್ತು, ಹೆಚ್ಚಿನದೆಲ್ಲ ಕೂಲಿ. ಪಡುವಣ ಗೋಡೆ ಆರುನೂರು ಚದರ ಅಡಿ, ಮನೆ ಪೂರಾ ಎರಡೂವರೆ ಸಾವಿರದ ಹತ್ತಿರ. ಕೆಟ್ಟಿದ್ದು, ಕೆರೆದಿದ್ದು, ಮತ್ತೆ ಬಳಿದಿದ್ದು ಎಲ್ಲಾ ಸೇರಿ ಒಂದೂಮುಕ್ಕಾಲು ಲಕ್ಷ ಮಣ್ಣುಪಾಲು. ಅದಾದ ಮೇಲೆ ಮೂರು ವರ್ಷದಲ್ಲಿ ಖರ್ಚು ಮಾಡಿದ್ದು ಎರಡು ಚೀಲ ಸುಣ್ಣದ್ದು. ಬಾಗಿಲು ಕಿಟಕಿ ಮೇಲಿನ ಲಿಂಟಲ್ ಕಬ್ಬಿಣಕ್ಕೆ ಮಾತ್ರ ಜಿಪುಣತನ ಮಾಡಲಿಲ್ಲ, ಅದರ ಮೇಲೆ 50 ಮಿಲಿಮೀಟರ್ ಕಾಂಕ್ರೀಟ್ ಕವರ್ ಬಿಟ್ಟೆ. ಎರಡೂವರೆ ಸೆಂಟಿಮೀಟರ್ ಸಾಕು ಅನ್ನೋ ಮೇಸ್ತ್ರಿಗಳ ಜೊತೆ ಈಗಲೂ ಜಗಳ ಆಡುತ್ತೇನೆ. ಒಳಗೆ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡರೆ ಕಾಂಕ್ರೀಟೇ ಸಿಡಿಯುತ್ತೆ, ಪಾಳೊಳೆಂನ ಒಂದು ಬಾಲ್ಕನಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಈ ಕೆಲಸದ ನಡುವೆ ಬೇರೆ ಚಟವೂ ಹತ್ತಿತು. ಒಂದು ಹಲಸಿನ ಹಲಗೆಗೆ ನಾಲ್ಕು ಥರದ ಸ್ಕ್ರೂ ಹೊಡೆದು ಅಗೊಂದದ ಗೆಸ್ಟ್‌ಹೌಸ್ ಟೆರೇಸ್ ಮೇಲೆ ಒಂದು ಮಳೆಗಾಲ ಬಿಟ್ಟೆ. ಜಿಐ, ಅಂದರೆ ಸತು ಬಳಿದ ಕಬ್ಬಿಣ, ಹೋಗೇ ಬಿಟ್ಟಿತು. 304 ಸ್ಟೀಲ್‌ಗೆ ಚಹಾ ಚೆಲ್ಲಿದ ಹಾಗೆ ಕಲೆ. 316 ಅನ್ನೋ ಇನ್ನೊಂದು ದರ್ಜೆಯ ಸ್ಟೀಲ್ ಹೆಚ್ಚು ಕಮ್ಮಿ ಹಾಗೇ ಇತ್ತು, ಹಿತ್ತಾಳೆ ಕಪ್ಪಾಯಿತು ಆದರೆ ಗಟ್ಟಿ. ಅಂದಿನಿಂದ ನಮ್ಮನೆ ಕಿಟಕಿಗೆಲ್ಲ ಹಿತ್ತಾಳೆ. ಅದೇ ಗೆಸ್ಟ್‌ಹೌಸ್‌ನಲ್ಲಿ ಒಂದು ಸಂಗತಿ ಕಲಿತೆ: ಅಗೊಂದ ದಂಡೆಗೆ ಆಮೆ ಮೊಟ್ಟೆ ಇಡೋಕೆ ಬರುತ್ತವೆ, ಸಮುದ್ರದ ಕಡೆ ಬೆಳಕು ಚೆಲ್ಲಬಾರದು. ಹಳದಿ ಬಲ್ಬಿಗೆ ಮುಸುಕು ಹಾಕಿ ಕೆಳಮುಖ ಮಾಡಿದೆವು. ಅದೇ ಚೆಂದ ಕಂಡು ನಮ್ಮನೆಗೂ ಹಾಗೇ ಮಾಡಿದೆ.

ಇನ್ನೊಂದು, ಚಿಪ್ಪಿನ ಕಿಟಕಿ. ಗೋವಾದ ಹಳೇ ಮನೆಗಳಲ್ಲಿ ಗಾಜಿನ ಬದಲು ತೆಳ್ಳಗಿನ ಸಿಂಪಿ ಚಿಪ್ಪು ಕೂರಿಸುತ್ತಿದ್ದರಲ್ಲ, ಅದು. ಆ ಜೀವಿಯನ್ನು ಹಿಡಿಯೋದು ಈಗ ಕಾಯ್ದೆ ಪ್ರಕಾರ ತಪ್ಪು, ಹಾಗಾಗಿ ಕೆಡವಿದ ಮನೆಯ ಎರಡು ಬಾಗಿಲು ರೆಕ್ಕೆ ಕೊಂಡೆ, ಒಂಬತ್ತು ಸಾವಿರ. ಮಧ್ಯಾಹ್ನದ ಬಿಸಿಲು ಅದರಲ್ಲಿ ಮಜ್ಜಿಗೆ ಬಣ್ಣಕ್ಕೆ ಬರುತ್ತೆ. ಮಳೆ ಮಾತ್ರ ತಡೆಯಲ್ಲ, ಒಳಗೆ ಬಟ್ಟೆ ತುರುಕಬೇಕು. ಬಲ್ಕಾಂವ್‌ಗೆ (ಮುಂದಿನ ಜಗುಲಿಗೆ) ಹಾಕಿದ ಕೆಂಪು ಕಾವಿಯ ನೆಲವೂ ಸೋತಿತು, ದಂಡೆಯಿಂದ ಬರೋ ಅತಿಥಿಗಳ ಕಾಲಿನ ಮರಳು ಅದನ್ನು ಉಜ್ಜಿ ಹಾಕಿದೆ. ಹೆಂಚು ಹಳೇ ಮಂಗಳೂರಿನದು, ಒಂದಕ್ಕೆ ಹದಿನೆಂಟರ ಹಾಗೆ. ಸೂರು ಮೂರು ಅಡಿ ಮುಂದೆ ಬಿಟ್ಟಿದ್ದೇನೆ. ಗೋಡೆ ಉಳಿದಿದ್ದರಲ್ಲಿ ಅರ್ಧ ಪಾಲು ಆ ಸೂರಿನದು, ಇದನ್ನು ಗವಂಡಿಗೆ ಹೇಳಿಲ್ಲ.

ಸಂಜೆ ಆ ಬಲ್ಕಾಂವ್ ಕಟ್ಟೆ ಮೇಲೆ ಕೂತು ರೊಟ್ಟಿ ಮುರಿದು ಬಂಗಡೆ ಸಾರಿಗೆ ಅದ್ದುತ್ತೇನೆ. ನಮ್ಮೂರಿನವರು ನೋಡಿದರೆ ಬೈತಾರೆ, ಇಲ್ಲಿನವರು ನೋಡಿದರೆ ನಗ್ತಾರೆ. ಸಮುದ್ರ ಕಾಣಲ್ಲ, ಕೇಳಿಸುತ್ತೆ. ಗಾಜಿನ ಮನೆಯವರು ಏಸಿ ಹಾಕಿಕೊಂಡು ಕಿಟಕಿ ಮುಚ್ಚಿರುತ್ತಾರೆ, ಅವರಿಗೆ ಅದೂ ಇಲ್ಲ.

ಈ ಮೇ ತಿಂಗಳಲ್ಲಿ ಎರಡು ಗುಂಡಿ ಸುಣ್ಣ ಅರಳಿಸಿಟ್ಟಿದ್ದೇನೆ. ಒಂದು ನನ್ನ ಕಾಂಪೌಂಡಿಗೆ. ಇನ್ನೊಂದು ಪಾಟ್ನೆಂನ ಗಿರಾಕಿಗೆ, ಬಣ್ಣಕ್ಕೆ ಎಂಬತ್ತು ಸಾವಿರ ಸುರಿಯೋ ಅದೇ ಮನುಷ್ಯ. ಡಿಸೆಂಬರ್ ಮೂವತ್ತೊಂದರ ಪಾರ್ಟಿ ಮುಗಿಸಿ ಜನವರಿಯಲ್ಲಿ ಶುರು ಮಾಡೋಣ ಅಂದ. ಅಕ್ಟೋಬರ್ ಆದರೆ ಬರುತ್ತೇನೆ, ಇಲ್ಲದಿದ್ದರೆ ಸಿಮೆಂಟೇ ಬಳಿಸಿಕೊಳ್ಳಿ ಅಂತ ಹೇಳಿ ಫೋನ್ ಇಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.