ಡಯಪರಿನಲ್ಲಿ ‘ಸೌತೆಬೀಜ’ ಕಂಡರೆ ಏನು ಮಾಡಬೇಕು?

ಮಗುವಿನ ಡಯಪರ್ ಬಿಚ್ಚುತ್ತೀರಿ. ಮಲದ ಮೇಲೆ ಸೌತೆಬೀಜದಂಥದ್ದೊಂದು ಅಂಟಿಕೊಂಡಿದೆ. ಸೌತೆಕಾಯಿ ತಿನ್ನಿಸಿದ ನೆನಪಿಲ್ಲ. ಒರೆಸಲು ಹೋದರೆ ‘ಬೀಜ’ ಮೆಲ್ಲಗೆ ಉದ್ದವಾಗುತ್ತದೆ, ಮತ್ತೆ ಗಿಡ್ಡವಾಗುತ್ತದೆ!

ಗಾಬರಿ ಬೇಡ, ಎಸೆಯುವುದೂ ಬೇಡ. ಅದು ನಾಯಿಯ ಲಾಡಿಹುಳುವಿನಿಂದ ಕಳಚಿಕೊಂಡ ತುಣುಕಾಗಿರಬಹುದು. ಡಿಪಿಲಿಡಿಯಂ ಕ್ಯಾನಿನಂ ಎಂಬ ಈ ಹುಳು ನಾಯಿ, ಬೆಕ್ಕುಗಳಲ್ಲಿ ಸಾಮಾನ್ಯ, ಮನುಷ್ಯರಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಎಳೆಯ ಮಕ್ಕಳಿಗೇ ಬರುತ್ತದೆ.

ಮೊದಲು ತುಣುಕನ್ನು ಕಾಪಾಡಿ. ಅದು ಅಲುಗಾಡುತ್ತಿರುವಾಗಲೇ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಬರೀ ಫೋಟೊದಲ್ಲಿ ಅದು ಅನ್ನದ ಅಗುಳಿನಂತೆಯೇ ಕಾಣುತ್ತದೆ. ನಂತರ ಹತ್ತಿಕಡ್ಡಿಯಿಂದ ಎತ್ತಿ, ಔಷಧ ಅಂಗಡಿಯಲ್ಲಿ ಸಿಗುವ ಮಲಪರೀಕ್ಷೆಯ ಡಬ್ಬಿಗೆ ಸ್ವಲ್ಪ ಸಲೈನ್ ಜೊತೆ ಹಾಕಿ. ಒಣಗಿ ಹಳದಿ ಅಕ್ಕಿನುಚ್ಚಿನಂತಾಗಿದ್ದರೂ ಬಿಸಾಡಬೇಡಿ. ಕೈಯನ್ನು ಸಾಬೂನಿನಿಂದ ತೊಳೆದು, ಡಬ್ಬಿ ಹಿಡಿದು ಮಕ್ಕಳ ವೈದ್ಯರಲ್ಲಿಗೆ ನಡೆಯಿರಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ತುಣುಕು ಇಡಿಯಾಗಿಯೇ ಹೊರಬೀಳುವುದರಿಂದ ಮೊಟ್ಟೆಗಳು ಮಲದಲ್ಲಿ ಬೆರೆಯುವುದು ಕಡಿಮೆ. ಹಾಗಾಗಿ ಬರೀ ಮಲಪರೀಕ್ಷೆಯಲ್ಲಿ ‘ಏನೂ ಇಲ್ಲ’ ಎಂಬ ವರದಿ ಬರುವುದುಂಟು. ಗುದದ ಬಳಿ ತುರಿಕೆಯಿದ್ದರಂತೂ ದಾರದೆಳೆಯಂಥ ಪಿನ್‌ವರ್ಮ್ ಎಂದುಕೊಂಡು ಆಲ್ಬೆಂಡಜೋಲ್ ಎಂಬ ಜಂತುಮದ್ದು ಕೊಟ್ಟು ಕಳಿಸುವುದೂ ಉಂಟು. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಅಗಿಯಲು ಕೊಡುವ ಮಾತ್ರೆಯೂ ಅದೇ. ಮಣ್ಣಿನಿಂದ ಬರುವ ಜಂತುಗಳಿಗೆ ಅದು ಸರಿಯಾದ ಮದ್ದು. ಈ ಲಾಡಿಹುಳುವಿನ ವಿಷಯದಲ್ಲಿ ಅದನ್ನು ನಂಬಿ ಕೂರಬೇಡಿ. ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಅಂಚುಗಳಲ್ಲಿ ಒಂದೊಂದು ರಂಧ್ರ, ಒಳಗೆ ಪೊಟ್ಟಣ ಕಟ್ಟಿದಂತೆ ಮೊಟ್ಟೆಗಳ ಗೊಂಚಲು ಕಾಣುತ್ತದೆ. ಅಲ್ಲಿಗೆ ಅನುಮಾನ ಮುಗಿಯಿತು.

ಚಿಕಿತ್ಸೆ ಸುಲಭ. ಸಾಮಾನ್ಯವಾಗಿ ಪ್ರಾಜಿಕ್ವಾಂಟೆಲ್ ಒಂದೇ ಸಲ, ಮಗುವಿನ ತೂಕ ನೋಡಿ ವೈದ್ಯರು ಬರೆದಷ್ಟು. ಮದ್ದು ಬಹಳ ಕಹಿ. ನಾಯಿಯ ಹುಳುಮಾತ್ರೆಯಲ್ಲೂ ಇದೇ ಮದ್ದು ಇರುವುದರಿಂದ ‘ಮನೆಯಲ್ಲೇ ಇದೆಯಲ್ಲ, ಕಾಲುಭಾಗ ಕೊಟ್ಟರಾಯಿತು’ ಎಂಬ ಜಾಣತನ ತೋರುವವರಿದ್ದಾರೆ. ಖಂಡಿತ ಕೂಡದು, ಅದರಲ್ಲಿ ಬೇರೆ ಔಷಧಗಳೂ ಸೇರಿರುತ್ತವೆ. ಮದ್ದು ಕೊಟ್ಟ ಮೇಲೆ ಮಾರುದ್ದದ ಹುಳು ಬೀಳುತ್ತದೆಂದು ಕಾಯಬೇಡಿ. ಅದು ಕರುಳಿನಲ್ಲೇ ಕರಗಿಹೋಗಬಹುದು.

ಇನ್ನು ಅಸಲಿ ಕೆಲಸ, ಚಿಗಟದ್ದು. ನಾಯಿಯನ್ನು ಮುಟ್ಟಿದ್ದರಿಂದ ಈ ಹುಳು ಬರುವುದಿಲ್ಲ, ಮೊಟ್ಟೆ ನುಂಗಿದರೂ ಬರುವುದಿಲ್ಲ. ಮೊಟ್ಟೆಯನ್ನು ತಿನ್ನುವುದು ಚಿಗಟದ ಮರಿ. ಅದು ಬೆಳೆದು ನಾಯಿಯ ಮೈಯೇರುತ್ತದೆ. ಆ ಚಿಗಟ ಮಗುವಿನ ಬಾಯಿಗೆ ಹೋದರೆ ಮಾತ್ರ ಸೋಂಕು. ನಾಯಿಯನ್ನು ತಬ್ಬಿಕೊಂಡ ಕೈ ನೇರ ಬಾಯಿಗೆ ಹೋಗುವ ವಯಸ್ಸಲ್ಲವೇ? ಚಿಗಟವನ್ನು ಕಚ್ಚಿ ಅರೆದ ನಾಯಿ ಮಗುವಿನ ಮುಖ ನೆಕ್ಕಿದರೂ ಸಾಕು. ಒಂದು ಮಗುವಿನಿಂದ ಇನ್ನೊಂದಕ್ಕೆ ನೇರವಾಗಿ ಹರಡುವುದಿಲ್ಲ, ಹಾಗಾಗಿ ಅಣ್ಣತಮ್ಮಂದಿರನ್ನು ದೂರ ಮಲಗಿಸಬೇಕಿಲ್ಲ.

ಚಿಗಟ ಇದೆಯೇ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ನಾಯಿಯನ್ನು ನಿಲ್ಲಿಸಿ, ಸೀರಣಿಗೆಯಂಥ ಒತ್ತುಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ. ಉದುರಿದ ಕಪ್ಪು ಚುಕ್ಕೆಗಳ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಅದು ಕುಡಿದ ರಕ್ತ. ಬರೀ ಮಣ್ಣಾಗಿದ್ದರೆ ಬಣ್ಣ ಬಿಡುವುದಿಲ್ಲ. ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಾ ತೆವಳುತ್ತಿದ್ದರೆ ಹುಳುವಿನ ಅನುಮಾನ ಇನ್ನಷ್ಟು ಗಟ್ಟಿ.

ಪಶುವೈದ್ಯರಲ್ಲಿ ನಾಯಿ, ಬೆಕ್ಕು ಎರಡಕ್ಕೂ ಹುಳುಮದ್ದು ಮತ್ತು ಚಿಗಟದ ಮದ್ದು ಒಟ್ಟಿಗೇ ಕೊಡಿಸಿ. ಚಿಗಟ ಉಳಿದರೆ ಹುಳು ಕೆಲವೇ ವಾರಗಳಲ್ಲಿ ಮರಳಿ ಬರುತ್ತದೆ. ನಾಯಿ ಮಲಗುವ ಗೋಣಿ, ಚಾದರಗಳನ್ನು ಬಿಸಿನೀರಿನಲ್ಲಿ ಒಗೆದು, ಸೋಫಾದ ಸಂದುಗಳನ್ನು ವಾರಕ್ಕೆರಡು ಬಾರಿಯಾದರೂ ಗುಡಿಸಿ. ಬೇಸಿಗೆ ರಜೆಗೆ ಬೀಗ ಹಾಕಿ ಹೋದರೆ ಚಿಗಟ ಸಾಯುತ್ತದೆಂಬ ಲೆಕ್ಕ ಬೇಡ. ರೇಷ್ಮೆಗೂಡಿನಂಥ ಗೂಡಿನೊಳಗೆ ಅದು ತಿಂಗಳುಗಟ್ಟಲೆ ಸುಮ್ಮನಿದ್ದು, ನೀವು ಬಾಗಿಲು ತೆಗೆದು ಹೆಜ್ಜೆಯಿಟ್ಟ ಕಂಪನಕ್ಕೇ ಎದ್ದು ಬರುತ್ತದೆ.