ಮೈಸೂರಿನಿಂದ ಘಾನಾಗೆ: ಒಂದು ಸೆಮಿಸ್ಟರ್ ಓದಲು ಹೋಗುವವರ ಸಿದ್ಧತೆ

ವಿದೇಶದಲ್ಲಿ ಒಂದು ಸೆಮಿಸ್ಟರ್ ಓದುವ ಮಾತು ಬಂದರೆ ಮೈಸೂರು, ಮಂಡ್ಯ ಕಡೆಯ ವಿದ್ಯಾರ್ಥಿಗಳ ಗಮನ ಜರ್ಮನಿ, ಬ್ರಿಟನ್, ಅಮೆರಿಕಗಳ ಆಚೆ ಹೋಗುವುದು ಅಪರೂಪ. ಮಾನಸಗಂಗೋತ್ರಿಯ ತರಗತಿಗಳಲ್ಲಿ ಆಫ್ರಿಕಾದಿಂದ ಬಂದ ವಿದ್ಯಾರ್ಥಿಗಳ ಪಕ್ಕದಲ್ಲೇ ಕುಳಿತು ಪಾಠ ಕೇಳಿದವರಿಗೂ, ಅವರು ಬಂದ ದಾರಿಯಲ್ಲೇ ತಾವೂ ಅತ್ತ ಹೋಗಿ ಓದಬಹುದೆಂದು ಹೊಳೆಯುವುದಿಲ್ಲ. ಆದರೆ ಇತಿಹಾಸ, ಭಾಷಾವಿಜ್ಞಾನ, ಸಂಗೀತ, ಕೃಷಿ, ಅಭಿವೃದ್ಧಿ ಅರ್ಥಶಾಸ್ತ್ರ, ಸಾರ್ವಜನಿಕ ಆರೋಗ್ಯ ಇವುಗಳನ್ನು ಓದುತ್ತಿರುವವರಿಗೆ ಪಶ್ಚಿಮ ಆಫ್ರಿಕಾದ ವಿಶ್ವವಿದ್ಯಾನಿಲಯಗಳಲ್ಲಿ ಸಿಗುವ ಪಾಠ ಯೂರೋಪಿನಲ್ಲಿ ಸಿಗುವುದಿಲ್ಲ. ಅಂಥವರಿಗಾಗಿ ಈ ಬರಹ. ಅಲ್ಲಿನ ಬಿಸಿಲು, ಊಟ, ಸೊಳ್ಳೆಗಳಿಗೆ ಎರಡು ವಾರದಲ್ಲಿ ಹೊಂದಿಕೊಳ್ಳಬಹುದು. ಇಲ್ಲಿ ಮುಗಿಸದೆ ಬಿಟ್ಟ ಕಾಗದಪತ್ರದ ಕೆಲಸವನ್ನು ಮಾತ್ರ ಅಲ್ಲಿ ಕುಳಿತು ಸರಿಪಡಿಸಲಾಗದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಯಾವ ವಿಶ್ವವಿದ್ಯಾನಿಲಯ?

ಮೊದಲು ಭಾಷೆಯನ್ನು ನೋಡಿಕೊಳ್ಳಬೇಕು. ಸೆನೆಗಲ್ ರಾಜಧಾನಿ ಡಾಕಾರ್‌ನಲ್ಲಿರುವ ಶೇಖ್ ಅಂತಾ ದಿಯೋಪ್ ವಿಶ್ವವಿದ್ಯಾನಿಲಯ ಹೆಸರಾಂತ ಸಂಸ್ಥೆಯಾದರೂ ಅಲ್ಲಿನ ಪಾಠ ಫ್ರೆಂಚಿನಲ್ಲಿ ನಡೆಯುತ್ತದೆ. ಆದ್ದರಿಂದ ಫ್ರೆಂಚ್ ಬಾರದವರು ಇಂಗ್ಲಿಷ್ ಮಾಧ್ಯಮದ ಘಾನಾ, ನೈಜೀರಿಯಾ, ಸಿಯೆರಾ ಲಿಯೋನ್‌ಗಳ ಕಡೆ ನೋಡುವುದು ಒಳ್ಳೆಯದು. ಸಿಯೆರಾ ಲಿಯೋನಿನ ಫ್ರೀಟೌನ್‌ನಲ್ಲಿರುವ ಫೂರಾ ಬೇ ಕಾಲೇಜು 1827ರಷ್ಟು ಹಿಂದಿನದು. ನೈಜೀರಿಯಾದ ಇಬಾದಾನ್ ವಿಶ್ವವಿದ್ಯಾನಿಲಯವೂ ಘಾನಾ ವಿಶ್ವವಿದ್ಯಾನಿಲಯವೂ 1948ರಲ್ಲಿ ಒಟ್ಟಿಗೇ ಕಾಲೇಜುಗಳಾಗಿ ಆರಂಭಗೊಂಡವು. ಹೊರದೇಶದ ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರಿನ ಮಟ್ಟಿಗೆ ಸೇರಿಸಿಕೊಳ್ಳುವ ರೂಢಿ ಘಾನಾದಲ್ಲಿ ಚೆನ್ನಾಗಿ ಬೇರೂರಿರುವುದರಿಂದ ಮೊದಲ ಸಲ ಹೋಗುವವರಿಗೆ ನಾನು ಸೂಚಿಸುವುದು ಆ ದೇಶವನ್ನೇ. ಅಕ್ರಾ ನಗರದ ಅಂಚಿನ ಲೆಗಾನ್ ಗುಡ್ಡದ ಮೇಲಿರುವ ಘಾನಾ ವಿಶ್ವವಿದ್ಯಾನಿಲಯವು ಮಾನವಿಕ ವಿಷಯಗಳಿಗೆ, ಕುಮಾಸಿಯಲ್ಲಿರುವ ಕ್ವಾಮೆ ಎನ್‌ಕ್ರುಮಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯವು ಎಂಜಿನಿಯರಿಂಗಿಗೆ, ಕೇಪ್ ಕೋಸ್ಟ್ ವಿಶ್ವವಿದ್ಯಾನಿಲಯವು ಶಿಕ್ಷಣಶಾಸ್ತ್ರಕ್ಕೆ ಹೆಸರಾಗಿವೆ.

ಲೆಗಾನ್‌ನ ಆಫ್ರಿಕನ್ ಅಧ್ಯಯನ ಸಂಸ್ಥೆಯ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. 1963ರಲ್ಲಿ ಅಂದಿನ ಅಧ್ಯಕ್ಷ ಎನ್‌ಕ್ರುಮಾ ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಸಂಗೀತಶಾಸ್ತ್ರಜ್ಞ ಕ್ವಾಬೆನಾ ಎನ್‌ಕೆಟಿಯಾ ಅದರ ನಿರ್ದೇಶಕರಾಗಿದ್ದರು. ಮೃದಂಗವನ್ನೋ ಲಯಶಾಸ್ತ್ರವನ್ನೋ ಕಲಿತ ಮೈಸೂರಿನ ವಿದ್ಯಾರ್ಥಿಯೊಬ್ಬ ಅಲ್ಲಿ ತಾಳವಾದ್ಯದ ಒಂದು ಪಾಠಕ್ಕೆ ಸೇರಿದರೆ, ಏಕಕಾಲದಲ್ಲಿ ಹಲವು ಲಯಗಳು ಒಂದರ ಮೇಲೊಂದು ಓಡುವ ಆ ಪದ್ಧತಿಯಲ್ಲಿ ತನ್ನ ಲೆಕ್ಕವೆಲ್ಲ ತಲೆಕೆಳಗಾಗುವುದನ್ನು ಕಾಣುತ್ತಾನೆ. ಭಾಷಾವಿಜ್ಞಾನ ಓದುವವರಿಗೂ ಅಷ್ಟೇ: ಸ್ವರದ ಏರಿಳಿತದಿಂದಲೇ ಅರ್ಥ ಬದಲಾಗುವ ಆಕಾನ್, ಗಾ, ಎವೆ ಭಾಷೆಗಳು ತರಗತಿಯಲ್ಲೂ ಬೀದಿಯಲ್ಲೂ ಕಿವಿಗೆ ಬೀಳುತ್ತಲೇ ಇರುತ್ತವೆ.

ಹೊರಡುವ ಮೊದಲು ಬರೆಸಿಕೊಳ್ಳಬೇಕಾದದ್ದು

ಹೋಗುವ ದಾರಿ ಎರಡಿವೆ. ನಿಮ್ಮ ವಿಶ್ವವಿದ್ಯಾನಿಲಯಕ್ಕೂ ಅಲ್ಲಿನದಕ್ಕೂ ವಿದ್ಯಾರ್ಥಿ ವಿನಿಮಯದ ಒಡಂಬಡಿಕೆ ಇದ್ದರೆ ಬೋಧನಾ ಶುಲ್ಕವನ್ನು ಸಾಮಾನ್ಯವಾಗಿ ಇಲ್ಲೇ ಕಟ್ಟಿ ಅಲ್ಲಿ ಓದಬಹುದು. ಒಡಂಬಡಿಕೆ ಇಲ್ಲವಾದರೆ ಅಲ್ಲಿನ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ನೇರವಾಗಿ ಅರ್ಜಿ ಹಾಕಿ, ಡಾಲರಿನಲ್ಲಿ ಶುಲ್ಕ ಕಟ್ಟಿ, ಅತಿಥಿ ವಿದ್ಯಾರ್ಥಿಯಾಗಿ ಸೇರಬೇಕು. ಎರಡರಲ್ಲಿ ಯಾವುದೇ ಆದರೂ ಕ್ರೆಡಿಟ್ ವರ್ಗಾವಣೆಯ ಪ್ರಶ್ನೆ ಒಂದೇ. ಅಲ್ಲಿ ಪಾಸಾದ ವಿಷಯ ಇಲ್ಲಿನ ಅಂಕಪಟ್ಟಿಗೆ ಏರದಿದ್ದರೆ ಒಂದು ಸೆಮಿಸ್ಟರ್ ಅನ್ಯಾಯವಾಗಿ ಹಿಂದೆ ಬೀಳುತ್ತದೆ. ಆದ್ದರಿಂದ ನೀವು ಅಲ್ಲಿ ತೆಗೆದುಕೊಳ್ಳಬೇಕೆಂದಿರುವ ಪ್ರತಿಯೊಂದು ವಿಷಯದ ಪಠ್ಯಕ್ರಮವನ್ನು ತರಿಸಿಕೊಂಡು, ಅದು ಇಲ್ಲಿಯ ಯಾವ ಪತ್ರಿಕೆಗೆ ಸಮ ಎಂಬುದನ್ನು ವಿಭಾಗದ ಮುಖ್ಯಸ್ಥರಿಂದ ಬರೆಸಿ, ಅಧ್ಯಯನ ಮಂಡಳಿಯ ಒಪ್ಪಿಗೆ ಪಡೆದು, ಪರೀಕ್ಷಾಂಗ ಕುಲಸಚಿವರ ಕಚೇರಿಯಲ್ಲಿ ಒಂದು ಪ್ರತಿಯನ್ನು ಸಲ್ಲಿಸಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಮನೆಯಲ್ಲಿಟ್ಟು ಹೋಗಬೇಕು. "ಹೋಗಿ ಬನ್ನಿ, ಆಮೇಲೆ ನೋಡೋಣ" ಎಂಬ ಮಾತನ್ನು ಒಪ್ಪಿಗೆ ಎಂದು ತಿಳಿಯಬಾರದು. ಆ ಮಾತು ಹೇಳಿದವರು ನೀವು ಮರಳುವ ಹೊತ್ತಿಗೆ ಆ ಹುದ್ದೆಯಲ್ಲಿ ಇರದೆಯೂ ಇರಬಹುದು.

ಸಮಾನ ವಿಷಯಗಳ ಪಟ್ಟಿಯಲ್ಲಿ ಬೇಕಾದುದಕ್ಕಿಂತ ಎರಡು ಮೂರು ವಿಷಯ ಹೆಚ್ಚಾಗಿಯೇ ಸೇರಿಸಿ. ಅಲ್ಲಿ ಹೋದಮೇಲೆ ನಿಮಗೆ ಬೇಕಾದ ವಿಷಯ ಆ ಸೆಮಿಸ್ಟರಿನಲ್ಲಿ ಇಲ್ಲವೆಂದೋ, ಎರಡು ತರಗತಿಗಳು ಒಂದೇ ಹೊತ್ತಿಗೆ ಬರುತ್ತವೆಂದೋ ತಿಳಿಯುವುದು ಸಾಮಾನ್ಯ. ಅಲ್ಲಿ ಪದವಿಯ ವರ್ಷಗಳನ್ನು ಲೆವೆಲ್ 100, 200, 300, 400 ಎಂದು ಎಣಿಸುತ್ತಾರೆ. ಇಲ್ಲಿ ಮೂರನೆಯ ವರ್ಷದಲ್ಲಿರುವವರು ಸಾಮಾನ್ಯವಾಗಿ ಲೆವೆಲ್ 300ರ ವಿಷಯಗಳನ್ನು ಆರಿಸಬೇಕಾಗುತ್ತದೆ.

ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಮಿಕ್ಕಿರಲಿ. ವೀಸಾಕ್ಕೆ ದೆಹಲಿಯಲ್ಲಿರುವ ಘಾನಾ ಹೈಕಮಿಷನ್ನಿಗೆ ಅರ್ಜಿ ಹಾಕಬೇಕು; ಪ್ರವೇಶಪತ್ರ ಕೈಗೆ ಬಂದ ವಾರದಲ್ಲೇ ಈ ಕೆಲಸ ಶುರುವಾಗಲಿ. ರಜೆಯಲ್ಲಿ ಪಕ್ಕದ ಟೋಗೊಗೆ ಹೋಗಿ ಬರುವ ಆಸೆಯಿದ್ದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಬಿಡುವ ವೀಸಾ ಕೇಳಿ, ಏಕೆಂದರೆ ಟೋಗೊದ ರಾಜಧಾನಿ ಲೋಮೆ ಗಡಿಗೆ ಅಂಟಿಕೊಂಡೇ ಇದ್ದರೂ ದಾಟಿದ ಮೇಲೆ ಮರಳಿ ಒಳಬರಲು ಇನ್ನೊಂದು ವೀಸಾ ಬೇಕಾಗುತ್ತದೆ. ಘಾನಾ ತಲುಪಿದ ಮೇಲೆ ಅಲ್ಲಿನ ವಲಸೆ ಇಲಾಖೆಯಿಂದ ವಿದ್ಯಾರ್ಥಿ ವಾಸದ ಪರವಾನಗಿ ಪಡೆಯುವುದು ಬೇರೆಯೇ ಕೆಲಸ. ವಿಶ್ವವಿದ್ಯಾನಿಲಯದ ಕಚೇರಿ ಅದಕ್ಕೆ ನೆರವಾಗುತ್ತದೆ.

ಹಳದಿ ಜ್ವರ ಮತ್ತು ಮಲೇರಿಯಾ

ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದವರನ್ನು ಘಾನಾ ಒಳಗೆ ಬಿಡುವುದಿಲ್ಲ. ಮನೆಯ ಹಿರಿಯರು ಇದನ್ನು ಕಾಮಾಲೆಯೆಂದು ತಿಳಿದು ಗಾಬರಿಯಾಗುವುದುಂಟು. ಇದು ಸೊಳ್ಳೆಯಿಂದ ಹರಡುವ ಬೇರೆ ವೈರಾಣು ರೋಗ, ನಮ್ಮ ದೇಶದಲ್ಲಿ ಇಲ್ಲ. ಇಲ್ಲದಿರುವ ಕಾರಣಕ್ಕೇ ಭಾರತ ಸರ್ಕಾರ ಇದರ ವಿಷಯದಲ್ಲಿ ಬಲು ಕಟ್ಟುನಿಟ್ಟು: ಘಾನಾದಿಂದ ಮರಳುವಾಗ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ನೇರ ಪ್ರತ್ಯೇಕ ವಾಸಕ್ಕೆ ಕಳಿಸುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. 2016ರಿಂದ ಅದು ಜೀವನಪರ್ಯಂತ ಮಾನ್ಯ. ಈ ಲಸಿಕೆಯನ್ನು ಯಾವುದೋ ನರ್ಸಿಂಗ್ ಹೋಮಿನಲ್ಲಿ ಹಾಕಿಸಿಕೊಂಡರೆ ನಡೆಯದು, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಅಲ್ಲಿ ವಾರದ ಕೆಲವು ದಿನ ಮಾತ್ರ ಹಾಕುವ ಪದ್ಧತಿಯೂ ಇರುವುದರಿಂದ ಮುಂಚಿತವಾಗಿ ದಿನ ಗೊತ್ತುಮಾಡಿಕೊಂಡು ಪಾಸ್‌ಪೋರ್ಟ್ ಸಮೇತ ಹೋಗಿ. ಮೊಟ್ಟೆ ಒಗ್ಗದವರು ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು.

ಮಲೇರಿಯಾಕ್ಕೆ ಇಷ್ಟು ಸುಲಭದ ಪರಿಹಾರವಿಲ್ಲ. ಅಲ್ಲಿ ಹೆಚ್ಚಾಗಿ ಕಾಣುವುದು ಫಾಲ್ಸಿಪಾರಮ್ ಎಂಬ ಅಪಾಯಕಾರಿ ಬಗೆ. ಹಳೆಯ ಕ್ಲೋರೋಕ್ವಿನ್ ಗುಳಿಗೆ ಅದರ ಮುಂದೆ ನಿಲ್ಲುವುದಿಲ್ಲ. ಮುಂಜಾಗ್ರತೆಯ ಮಾತ್ರೆಗಳಲ್ಲಿ ಡಾಕ್ಸಿಸೈಕ್ಲಿನ್, ಅಟೊವಾಕ್ವೊನ್–ಪ್ರೊಗ್ವಾನಿಲ್ ಮುಂತಾದವಿವೆ. ನಿಮಗೆ ಯಾವುದು ಸರಿ ಎಂಬುದನ್ನು ವೈದ್ಯರೇ ಹೇಳಬೇಕು. ಕೆಲವನ್ನು ಹೊರಡುವ ಮೊದಲೇ ಶುರುಮಾಡಿ ಮರಳಿದ ಮೇಲೂ ಕೆಲವು ವಾರ ನುಂಗಬೇಕಾಗುತ್ತದೆ. ಸೊಳ್ಳೆ ಪರದೆ ಕಟ್ಟಿಯೇ ಮಲಗಿ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಇದಕ್ಕಿಂತ ಮುಖ್ಯವಾದದ್ದು, ಊರಿಗೆ ಬಂದು ಎರಡು ಮೂರು ತಿಂಗಳೊಳಗೆ ಜ್ವರ ಬಂದರೆ ಇಲ್ಲಿನ ವೈದ್ಯರಿಗೆ ಘಾನಾಗೆ ಹೋಗಿಬಂದ ವಿಷಯ ನೀವಾಗಿಯೇ ಹೇಳಬೇಕು. ಹೇಳದಿದ್ದರೆ ವೈರಲ್ ಎಂದೋ ಡೆಂಗಿ ಎಂದೋ ದಿನ ಕಳೆಯುತ್ತದೆ. ಈ ಬಗೆಯ ಮಲೇರಿಯಾದಲ್ಲಿ ಒಂದೆರಡು ದಿನವೂ ದುಬಾರಿ.

ಹಣ, ಸಾಮಾನು

ಘಾನಾದ ನಾಣ್ಯ ಸೆಡಿ. ನೂರು ಪೆಸೆವಾಕ್ಕೆ ಒಂದು ಸೆಡಿ. ಡಾಲರ್ ತುಂಬಿಸಿದ ಕಾರ್ಡಿನ ಜೊತೆಗೆ ಮಡಿಕೆ, ಕಲೆ ಇಲ್ಲದ ಹೊಸ ಡಾಲರ್ ನೋಟುಗಳನ್ನೂ ಸ್ವಲ್ಪ ಒಯ್ಯಿರಿ, ಹಳೆಯ ನೋಟಿಗೆ ಅಲ್ಲಿ ಬೆಲೆ ಕಡಿಮೆ. ಸಣ್ಣಪುಟ್ಟ ವ್ಯಾಪಾರವೆಲ್ಲ ಮೊಬೈಲ್ ಮನಿ ಮೇಲೆ ನಡೆಯುತ್ತದೆ. ಜನ ಅದನ್ನು ಮೊಮೊ ಎನ್ನುತ್ತಾರೆ. ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಬೇಕು. ವಿದ್ಯುತ್ 230 ವೋಲ್ಟೇ ಆದರೂ ಬ್ರಿಟಿಷ್ ಮಾದರಿಯ ಚೌಕ ಕಾಲಿನ ಪ್ಲಗ್ಗೇ ಹೆಚ್ಚಿರುವುದರಿಂದ ಅಡಾಪ್ಟರ್ ಬೇಕಾಗುತ್ತದೆ. ಕರೆಂಟ್ ಹೋಗುವುದು ಹೊಸ ವಿಷಯವಲ್ಲ, ಪವರ್ ಬ್ಯಾಂಕ್ ಇರಲಿ. ಸೈನಿಕರ ಮಚ್ಚೆ ವಿನ್ಯಾಸದ ಪ್ಯಾಂಟು, ಚೀಲ ಇದ್ದರೆ ಮನೆಯಲ್ಲೇ ಬಿಟ್ಟುಹೋಗಿ. ಅದನ್ನು ಸಾಮಾನ್ಯ ಜನ ತೊಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಬೆಂಗಳೂರಿನಿಂದ ಅಕ್ರಾಗೆ ನೇರ ವಿಮಾನವಿಲ್ಲ. ಆಡಿಸ್ ಅಬಾಬಾ ಅಥವಾ ದುಬೈ ಮೂಲಕ ಹೋಗಬೇಕು. ಮರಳುವ ಟಿಕೆಟ್ಟಿನ ದಿನ ಬದಲಿಸಲು ಅವಕಾಶವಿರುವುದನ್ನೇ ಕೊಳ್ಳಿ, ಕಾರಣ ಮುಂದೆ ಬರುತ್ತದೆ.

ಊಟ

ಮಂಡ್ಯ ಕಡೆಯವರಿಗೆ ಅಲ್ಲಿನ ಊಟ ಹೊಸತೆನಿಸುವುದಿಲ್ಲ. ಮರಗೆಣಸನ್ನೂ ಬಾಳೆಯನ್ನೂ ಬೇಯಿಸಿ ಒನಕೆಯಲ್ಲಿ ಕುಟ್ಟಿ ಮಾಡಿದ ಫುಫುವನ್ನು ಅಗಲ ಬಟ್ಟಲಿನಲ್ಲಿಟ್ಟು ಸುತ್ತ ಬಿಸಿ ಸಾರು ಸುರಿದು ತಂದಿಡುತ್ತಾರೆ. ಪಕ್ಕದಲ್ಲೇ ಕೈ ತೊಳೆಯಲು ನೀರಿನ ಬೋಗುಣಿ, ಸೋಪು. ಬಲಗೈಯಿಂದ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ಮುದ್ದೆ ನುಂಗಿ ಬೆಳೆದವರಿಗೆ ಇದರಲ್ಲಿ ಹೇಳಿಕೊಡಲು ಏನೂ ಇಲ್ಲ. ಪಕ್ಕದ ಮೇಜಿನವರೇ ಮೆಚ್ಚಿ ನೋಡುತ್ತಾರೆ. ಬಾಂಕು ಎಂಬುದು ಹುಳಿ ಬಂದ ಮುಸುಕಿನ ಜೋಳದ ಹಿಟ್ಟಿನದು, ಆ ಹುಳಿಗೆ ನಾಲಗೆ ಒಗ್ಗಲು ಸ್ವಲ್ಪ ಕಾಲ ಬೇಕು.

ಸಸ್ಯಾಹಾರಿಗಳು ಮಾತ್ರ ಎಚ್ಚರವಾಗಿರಬೇಕು. ಕೆಸುವಿನ ಜಾತಿಯ ಸೊಪ್ಪಿನಿಂದ ಮಾಡುವ ಕೊಂಟೊಮಿರೆ ನೋಡಲು ನಮ್ಮ ಸೊಪ್ಪಿನ ಸಾರಿನಂತಿದ್ದರೂ ಅದರಲ್ಲಿ ಉಪ್ಪುಮೀನು ಇರುವುದೇ ಹೆಚ್ಚು. ಶಿಟೊ ಎಂಬ ಕರಿ ಖಾರದಲ್ಲಿ ಒಣ ಮೀನು, ಸೀಗಡಿಯ ಪುಡಿ ಇರುತ್ತದೆ. ಮಾಂಸ ಬೇಡವೆಂದರೆ ಮೀನು ಬರುತ್ತದೆ. ಆದ್ದರಿಂದ ಮಾಂಸ, ಮೀನು, ಮೊಟ್ಟೆ ಮೂರನ್ನೂ ಹೆಸರಿಸಿ ಬೇಡವೆನ್ನಬೇಕು. ಅಲಸಂದೆ ಕಾಳನ್ನು ತಾಳೆಯೆಣ್ಣೆಯಲ್ಲಿ ಬೇಯಿಸಿ ಹುರಿದ ಬಾಳೆಹಣ್ಣಿನೊಡನೆ ಬಡಿಸುವ ರೆಡ್ ರೆಡ್, ಅನ್ನ ಮತ್ತು ಕಾಳನ್ನು ಒಟ್ಟಿಗೆ ಬೇಯಿಸಿದ ವಾಚೆ, ಮಸಾಲೆ ಹಚ್ಚಿ ಕರಿದ ಬಾಳೆಹಣ್ಣಿನ ಕೆಲೆವೆಲೆ ಇವುಗಳನ್ನು ಕೇಳಿ ತಿಳಿದು ತಿನ್ನಬಹುದು. ಅಕ್ಕಿ, ಟೊಮೆಟೊ, ಈರುಳ್ಳಿ, ಶುಂಠಿ, ಮೆಣಸಿನಕಾಯಿ ಎಲ್ಲ ಕಡೆ ಸಿಗುತ್ತವೆ. ಅಕ್ರಾದ ಭಾರತೀಯ ಅಂಗಡಿಗಳಲ್ಲಿ ಬೇಳೆಯೂ ಸಿಗುತ್ತದೆ. ಮನೆಯಿಂದ ಸಾರಿನ ಪುಡಿ, ಚಟ್ನಿಪುಡಿ, ಇಂಗು ಒಯ್ದರೆ ಸಾಕು. ಕುಡಿಯುವ ನೀರು ಅರ್ಧ ಲೀಟರಿನ ಪ್ಲಾಸ್ಟಿಕ್ ಚೀಲಗಳಲ್ಲಿ ಮಾರಾಟಕ್ಕಿರುತ್ತದೆ. ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಚೀಲವನ್ನು ಹಿಂಡುತ್ತಾ ಕುಡಿಯುವುದು ಅಲ್ಲಿನ ಕ್ರಮ.

ಜನ ಮತ್ತು ಓಡಾಟ

ಯಾರನ್ನಾದರೂ ಏನನ್ನಾದರೂ ಕೇಳುವ ಮೊದಲು ವಂದನೆ ಹೇಳಬೇಕು. ನೇರವಾಗಿ ದಾರಿ ಕೇಳಿದರೆ ಒರಟುತನವೆನಿಸುತ್ತದೆ. ಎಡಗೈಯಿಂದ ಕೊಡುವುದು, ಪಡೆಯುವುದು ಅಲ್ಲೂ ತಪ್ಪು. ಈ ಒಂದು ಪಾಠ ನಮಗೆ ಮನೆಯಲ್ಲೇ ಆಗಿರುತ್ತದೆ. ಆಕಾನರಲ್ಲಿ ಮಗು ಹುಟ್ಟಿದ ವಾರವೇ ಅದರ ಒಂದು ಹೆಸರು. ಶನಿವಾರ ಹುಟ್ಟಿದ ಗಂಡು ಕ್ವಾಮೆ, ಹೆಣ್ಣು ಆಮಾ; ಶುಕ್ರವಾರದ ಗಂಡು ಕೋಫಿ. ನೀವು ಹುಟ್ಟಿದ ವಾರವನ್ನು ಪಂಚಾಂಗದಲ್ಲಿ ನೋಡಿಕೊಂಡು ಹೋಗಿ, ಮೊದಲ ವಾರದಲ್ಲೇ ಯಾರಾದರೂ ಕೇಳಿ ನಿಮಗೂ ಹೆಸರಿಡುತ್ತಾರೆ.

ನಗರದಲ್ಲಿ ಓಡಾಡಲು ಟ್ರೋಟ್ರೋ ಎಂಬ ಹಳೆಯ ವ್ಯಾನುಗಳಿವೆ. ಬಾಗಿಲಲ್ಲಿ ನೇತಾಡುವ ಹುಡುಗ "ಸರ್ಕ್, ಸರ್ಕ್, ಸರ್ಕ್" ಎಂದು ಕೂಗುತ್ತಿದ್ದರೆ ಆ ವ್ಯಾನು ಎನ್‌ಕ್ರುಮಾ ಸರ್ಕಲ್ಲಿಗೆ ಹೋಗುತ್ತದೆ ಎಂದರ್ಥ. ಚಿಲ್ಲರೆ ಕೈಯಲ್ಲಿಟ್ಟುಕೊಂಡೇ ಹತ್ತಿ. ರಾತ್ರಿ ಹೊತ್ತು ಆ್ಯಪ್ ಮೂಲಕ ಕರೆಸುವ ಕಾರೇ ಕ್ಷೇಮ.

ತರಗತಿ, ಪರೀಕ್ಷೆ, ಮರಳುವಿಕೆ

ತರಗತಿಗಳು ದೊಡ್ಡವು, ಮತ್ತು ವೇಳಾಪಟ್ಟಿ ಮೊದಲ ವಾರಗಳಲ್ಲಿ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ವಿಷಯದ ತರಗತಿ ಪ್ರತಿನಿಧಿಯನ್ನು ಕಂಡು ವಾಟ್ಸ್ಆ್ಯಪ್ ಗುಂಪಿಗೆ ಸೇರಿಕೊಳ್ಳುವುದು ಗ್ರಂಥಾಲಯದ ಚೀಟಿ ಮಾಡಿಸುವುದಕ್ಕಿಂತ ಮೊದಲ ಕೆಲಸ; ಕೊಠಡಿ ಬದಲಾದ ಸುದ್ದಿ ಅಲ್ಲಿ ಮಾತ್ರ ಬರುತ್ತದೆ. ಅಂಕಗಳಲ್ಲಿ ದೊಡ್ಡ ಪಾಲು ಕೊನೆಯ ಪರೀಕ್ಷೆಗೇ ಮೀಸಲು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಲ್ಲಿನ ವಿದ್ಯಾರ್ಥಿಗಳು ಪಾಸ್ಕೊ ಎನ್ನುತ್ತಾರೆ, ಕೇಳಿದರೆ ಧಾರಾಳವಾಗಿ ಕೊಡುತ್ತಾರೆ. ಲೆಗಾನ್‌ನ ಬಾಮ್ ಗ್ರಂಥಾಲಯದಲ್ಲಿ ಪರೀಕ್ಷೆಯ ಹೊತ್ತಿಗೆ ಜಾಗ ಸಿಗುವುದು ಕಷ್ಟ, ಬೆಳಿಗ್ಗೆಯೇ ಹೋಗಬೇಕು.

ಪರೀಕ್ಷೆಗಳು ಹಲವು ವಾರಗಳಲ್ಲಿ ಹರಡಿಕೊಂಡಿರುತ್ತವೆ. ನಿಮ್ಮ ಕೊನೆಯ ಪತ್ರಿಕೆಯ ದಿನ ಮುಂಚೆ ತಿಳಿಯುವುದಿಲ್ಲ. ಅಧ್ಯಾಪಕರ ಸಂಘದ ಮುಷ್ಕರಗಳೂ ಉಂಟು. 2022ರ ಜನವರಿಯಲ್ಲಿ ಆರಂಭವಾದ ಮುಷ್ಕರದಿಂದ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಪಾಠವೇ ನಿಂತಿತ್ತು. ಟಿಕೆಟ್ಟಿನ ದಿನ ಬದಲಿಸಲು ಅವಕಾಶ ಇರಲಿ ಎಂದದ್ದು ಇದಕ್ಕೇ.

ಘಾನಾದಿಂದ ಹೊರಡುವ ಮೊದಲು ಅಂಕಪಟ್ಟಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ರಸೀದಿಯ ಫೋಟೋ ತೆಗೆದುಕೊಳ್ಳಿ. ಫಲಿತಾಂಶ ಬರುವುದು ನೀವು ಊರು ಸೇರಿದ ಮೇಲೆ, ಆದ್ದರಿಂದ ಅಂಕಪಟ್ಟಿ ನೇರವಾಗಿ ನಿಮ್ಮ ಪರೀಕ್ಷಾಂಗ ಕುಲಸಚಿವರ ಕಚೇರಿಗೇ ಬರುವಂತೆ ಬರೆದುಕೊಡಿ. ಬಂದಿತೆಂದು ಗೊತ್ತಾದ ದಿನ, ಮೊಹರು ಹಾಕಿಸಿ ಮನೆಯಲ್ಲಿಟ್ಟ ಆ ಒಪ್ಪಿಗೆಯ ಪ್ರತಿಯನ್ನೂ ಅಲ್ಲಿ ಓದಿದ ವಿಷಯಗಳ ಪಠ್ಯಕ್ರಮವನ್ನೂ ಹಿಡಿದುಕೊಂಡು ಹೋಗಿ, ಕ್ರೆಡಿಟ್‌ಗಳು ದಾಖಲಾಗುವ ತನಕ ಬೆನ್ನುಬಿಡಬೇಡಿ.