ಕ್ಯಾಮೆರಾ ತೆಗೆಯುವ ಮೊದಲು ಭಟ್ರನ್ನು ಮಾತಾಡಿಸಿ

ಮದುವೆ ಹಾಲ್‌ಗೆ ಕಾಲಿಟ್ಟ ಕೂಡಲೇ ನಾನು ಭಟ್ರನ್ನು ಹುಡುಕುತ್ತೇನೆ. ಮದುಮಗಳ ರೂಮು ಆಮೇಲೆ. ಹನ್ನೊಂದು ವರ್ಷದಿಂದ ಮುಂಬೈಯಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಮನೆ ಡೊಂಬಿವಲಿಯಲ್ಲಿ, ಕೆಲಸ ಹೆಚ್ಚಾಗಿ ಮಾಟುಂಗಾ, ಕುರ್ಲಾ, ಮುಲುಂಡ್, ಠಾಣೆ ಕಡೆ. ಈ ಭಟ್ರನ್ನು ಹುಡುಕುವ ಅಭ್ಯಾಸ ಮಾತ್ರ ಮೊದಲಿನಿಂದ ಇದ್ದದ್ದಲ್ಲ. ಒಂದು ಸಲ ಸರಿಯಾಗಿ ಪೆಟ್ಟು ತಿಂದ ಮೇಲೆ ಬಂದದ್ದು.

ಆಗ ನಾನು ಒಬ್ಬಳೇ ಕೆಲಸ ಹಿಡಿಯಲು ಶುರು ಮಾಡಿ ಮೂರನೇ ವರ್ಷ. ಹುಡುಗಿ ನಮ್ಮ ಉಡುಪಿ ಕಡೆಯವಳು, ಹುಡುಗ ಮರಾಠಿ. ಮದುವೆ ಅವರ ಪದ್ಧತಿಯಲ್ಲಿ. ನಮ್ಮ ಕಡೆಯ ಎಷ್ಟೋ ಮದುವೆಯಲ್ಲಿ ತಾಳಿ ಕಟ್ಟುವಾಗಲೇ ಗಟ್ಟಿಮೇಳ. ಎಲ್ಲರೂ ಎದ್ದು ನಿಲ್ಲುವುದು, ಅಕ್ಷತೆ ಹಾಕುವುದು ಆಗಲೇ. ನನ್ನ ತಲೆಯಲ್ಲಿ ಅದೇ ಲೆಕ್ಕ ಕೂತಿತ್ತು. ಮರಾಠಿ ಮದುವೆಯಲ್ಲಿ ಹುಡುಗ ಹುಡುಗಿ ಮಧ್ಯೆ ಅಂತರಪಟ ಹಿಡಿದು ಮಂಗಲಾಷ್ಟಕ ಹೇಳುತ್ತಾರೆ. ಒಂದೊಂದು ಪದ್ಯ ಮುಗಿದಾಗಲೂ 'ಸಾವಧಾನ' ಅನ್ನುತ್ತಾರೆ, ಜನ ಅಕ್ಷತೆ ಎಸೆಯುತ್ತಾರೆ. ಕೊನೆಯದು ಮುಗಿದ ಕೂಡಲೇ ಬಟ್ಟೆ ಸರಿಯುತ್ತದೆ, ಹಾರ ಬೀಳುತ್ತದೆ, ಬ್ಯಾಂಡ್ ಶುರು. ಅವರಿಗೆ ಆ ಗಳಿಗೆಯೇ ಮದುವೆ. ಮಂಗಳಸೂತ್ರ ಆಮೇಲೆ ನಿಧಾನಕ್ಕೆ ಬರುತ್ತದೆ, ಅಷ್ಟು ಹೊತ್ತಿಗೆ ಅರ್ಧ ಜನ ಊಟಕ್ಕೆ ಹೋಗಿರುತ್ತಾರೆ.

ಇನ್ನೂ ಒಂದೆರಡು ಪದ್ಯ ಇದೆ ಅಂತ ನಾನು ಬಗ್ಗಿ ಬ್ಯಾಟರಿ ಬದಲಿಸುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಹಾರ ಹಾಕಿ ಆಗಿತ್ತು.

ಎರಡು ವಾರ ಕಳೆದು ಹುಡುಗಿಯ ಅಮ್ಮ ಫೋನ್ ಮಾಡಿದರು. ಬೈಯಲಿಲ್ಲ. "ಅಂತರಪಟ ಸರಿದಾಗ ಅವಳ ಮುಖ ಹೇಗಿತ್ತು ಅಂತ ನೋಡ್ಬೇಕಿತ್ತು ಮಗಾ. ನಾನು ಅವಳ ಹಿಂದೆ ನಿಂತಿದ್ದೆ, ನಂಗೆ ಕಾಣ್ಲಿಲ್ಲ" ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಕೊನೆಗೆ ಯಾರದೋ ಮೊಬೈಲ್ ವಿಡಿಯೋದಿಂದ ಒಂದು ಫ್ರೇಮ್ ತೆಗೆದೆ. ಮುಖ ಮಸುಕು, ಕಾಲು ಭಾಗ ಯಾರದೋ ಮೊಣಕೈ. ಆಲ್ಬಮ್‌ನಲ್ಲಿ ಸಣ್ಣದಾಗಿ ಹಾಕಿ, ಬರಬೇಕಾದ ಹಣದಲ್ಲಿ ಐದು ಸಾವಿರ ಬಿಟ್ಟೆ.

ಆಮೇಲಿಂದ ಭಟ್ರ ಹತ್ತಿರ ಮೂರು ವಿಷಯ ಕೇಳಿಯೇ ಕ್ಯಾಮೆರಾ ತೆಗೆಯುವುದು. ಯಾವುದಾದ ಮೇಲೆ ಯಾವುದು? ಜೋಡಿ ಯಾವ ಕಡೆ ಮುಖ ಮಾಡಿ ಕೂರುತ್ತದೆ? ತಾಳಿ ಕಟ್ಟುವಾಗ ನೀವು ಎಲ್ಲಿರುತ್ತೀರಿ? ಈ ಮೂರನೆಯದು ಸಣ್ಣ ಪ್ರಶ್ನೆ ಅಲ್ಲ. ತಾಳಿ ಕಟ್ಟುವಾಗ ನಾದಿನಿ ಹಿಂದಿನಿಂದ ಬಗ್ಗುತ್ತಾಳೆ, ಅತ್ತೆ ಸೆರಗು ಸರಿ ಮಾಡುತ್ತಾರೆ, ಎದುರಿಗೆ ಭಟ್ರು ಮುಂದಕ್ಕೆ ವಾಲುತ್ತಾರೆ. ಇಷ್ಟರ ನಡುವೆ ನಮಗೆ ಸಿಗುವ ಸಂದು ಒಂದು ಅಂಗೈ ಅಗಲ. ಮಾಟುಂಗಾದಲ್ಲಿ ಒಬ್ಬ ಭಟ್ರಿಗೆ "ಸ್ವಲ್ಪ ಎಡಕ್ಕೆ ಸರಿಯಬಹುದಾ" ಅಂತ ಕೇಳಿದ್ದೆ. "ಸರೀತೇನೆ ಮಾರಾಯ್ತಿ, ನನ್ನ ಬೋಳು ತಲೆ ಮಾತ್ರ ತೆಗೀಬೇಡ" ಅಂದರು. ಈಗ ಅವರು ಎಲ್ಲಿ ಸಿಕ್ಕಿದರೂ ತಾವೇ ಸರಿದು ಕಣ್ಣಲ್ಲೇ 'ಹೂಂ' ಅನ್ನುತ್ತಾರೆ.

ತುಳುವರ ಮದುವೆಯಲ್ಲಿ ನನಗೆ ಜಾಸ್ತಿ ಇಷ್ಟ ಧಾರೆ. ಪಿಂಗಾರ, ಅಂದರೆ ಅಡಿಕೆ ಹೂ, ಇಟ್ಟ ಧಾರೆಗಿಂಡಿಯನ್ನು ಹಿರಿಯರ ಮುಂದೆ ಹಿಡಿದುಕೊಂಡು ಹೋಗುತ್ತಾರೆ, ಒಬ್ಬೊಬ್ಬರೂ ಮುಟ್ಟುತ್ತಾರೆ. ಆಗ ನಾನು ಮುಖ ಬಿಟ್ಟು ಕೈ ತೆಗೆಯುತ್ತೇನೆ. ನಲವತ್ತು ವರ್ಷ ಹೋಟೆಲ್‌ನ ದೋಸೆ ಕಲ್ಲಿನ ಮುಂದೆ ನಿಂತ ಕೈ ಹೇಗಿರುತ್ತದೆ ಅಂತ ನನಗೆ ಗೊತ್ತು, ನಮ್ಮಪ್ಪನದೂ ಅಂಥದ್ದೇ. ಬೆರಳ ತುದಿಯಲ್ಲಿ ಸುಟ್ಟ ಕಲೆ, ಮೇಲೆ ಹೊಸದಾಗಿ ಹಾಕಿದ ಉಂಗುರ. ಧಾರೆ ಎರೆಯುವಾಗ ನೆಲಕ್ಕೆ ಕೂತೇ ತೆಗೆಯಬೇಕು. ಲೆನ್ಸ್ ಮೇಲೆ ಹಾಲು ಸಿಡಿಯುವುದು ಗ್ಯಾರಂಟಿ. ಸೊಂಟದಲ್ಲಿ ಒಂದು ಮೆತ್ತನೆ ಬಟ್ಟೆ ಸಿಕ್ಕಿಸಿಕೊಂಡಿರಿ.

ಇನ್ನು ಲೈಟು. ಈಗಿನ ಹಾಲ್‌ಗಳ ಎಲ್‌ಇಡಿ ಒಂದು ಶನಿ. ಎಷ್ಟೋ ಕಡೆ ಅಗ್ಗದ ಬಲ್ಬು, ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತಿರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಮಿಣುಕು ಸೆಕೆಂಡಿಗೆ 100 ಸಲ. ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ 1/500ಕ್ಕೆ ಇಳಿಸಿದರೆ ಫೋಟೋದಲ್ಲಿ ಅಡ್ಡ ಪಟ್ಟೆ ಬರುತ್ತದೆ. 1/100ಕ್ಕೆ ಇಟ್ಟು ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಹೊಂದಿಸಿಕೊಂಡರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಸ್ಟೇಜಿಗೆ ಗುಲಾಬಿ ಲೈಟ್ ಹಾಕಿದ್ದರೆ ಮುಹೂರ್ತದ ಅರ್ಧ ಗಂಟೆ ಆರಿಸಿ ಅಂತ ಡೆಕೊರೇಟರ್‌ಗೆ ಕೈ ಮುಗಿಯಿರಿ. ಅದಕ್ಕೆ ಎಡಿಟಿಂಗ್‌ನಲ್ಲಿ ಔಷಧಿ ಇಲ್ಲ. ಕ್ಯಾಮೆರಾಕ್ಕೆ ಎರಡು ಕಾರ್ಡ್, ಎರಡರಲ್ಲೂ ಒಂದೇ ಫೋಟೋ. ಮನೆಗೆ ಬಂದು ಎರಡು ಹಾರ್ಡ್ ಡಿಸ್ಕ್, ಒಂದು ಅಕ್ಕನ ಮನೆಯಲ್ಲಿ. ಭಾನುವಾರದ ಮದುವೆಯಾದರೆ ರೈಲಿನ ಮೆಗಾಬ್ಲಾಕ್ (ಹಳಿ ರಿಪೇರಿಗೆ ರೈಲು ನಿಲ್ಲಿಸುವುದು) ನೋಡದೆ ಅಸಿಸ್ಟೆಂಟ್‌ಗೆ ಟೈಮ್ ಹೇಳಬೇಡಿ.

ಪ್ರಪೋಸಲ್ ಕೆಲಸ, ಅಂದರೆ ಹುಡುಗ ಹುಡುಗಿಗೆ 'ಮದುವೆಯಾಗ್ತೀಯಾ' ಅಂತ ಕೇಳುವ ಗಳಿಗೆಯ ಫೋಟೋ, ಬರತೊಡಗಿದ್ದು ಈಚೆಗೆ. ನನಗೆ ಮೊದಲು ನಗು ಬಂದಿತ್ತು. ಈಗ ಇಲ್ಲ, ಅಲ್ಲಿ ಎರಡನೇ ಟೇಕ್ ಇರುವುದಿಲ್ಲವಲ್ಲ. ಪವಾಯಿಯಲ್ಲಿ ಕೆಲಸದಲ್ಲಿದ್ದ ಹುಬ್ಬಳ್ಳಿ ಹುಡುಗ ಒಬ್ಬ ಮೇ ತಿಂಗಳಲ್ಲಿ ಬಂದ. ಮರೀನ್ ಡ್ರೈವ್, ಸೂರ್ಯ ಸಮುದ್ರಕ್ಕೆ ಇಳಿಯುವಾಗ ಕೇಳಬೇಕು ಅಂತ ಆಸೆ. ಬೇಸಿಗೆಯಲ್ಲಿ ಸೂರ್ಯ ಉತ್ತರಕ್ಕೆ ಸರಿದಿರುತ್ತದೆ. ಆ ರಸ್ತೆಯ ಉತ್ತರ ತುದಿಯ ಚೌಪಾಟಿ ಕಡೆ ನಿಂತರೆ ಅದು ಮುಳುಗುವುದು ಮಲಬಾರ್ ಹಿಲ್‌ನ ಕಟ್ಟಡಗಳ ಹಿಂದೆ. ನೀರಿಗೆ ಇಳಿಯುವುದು ನೋಡಬೇಕಾದರೆ ದಕ್ಷಿಣದ ನಾರಿಮನ್ ಪಾಯಿಂಟ್ ತುದಿಗೆ ಹೋಗಬೇಕು, ಇಲ್ಲವೇ ಡಿಸೆಂಬರ್‌ವರೆಗೆ ಕಾಯಬೇಕು. "ಡಿಸೆಂಬರ್ ತನಕ ನನ್ ಕೈಲಿ ಆಗಂಗಿಲ್ರಿ" ಅಂದ. ಸರಿ, ನಾರಿಮನ್ ಪಾಯಿಂಟ್.

ಉದ್ದ ಲೆನ್ಸ್ ಕಂಡರೆ ಜನ ತಿರುಗಿ ನೋಡುತ್ತಾರೆ. ಟ್ರೈಪಾಡ್ ನಿಲ್ಲಿಸಿದರೆ ಪರ್ಮಿಷನ್ ಕೇಳಲು ಯಾರಾದರೂ ಬರುತ್ತಾರೆ. ಅದಕ್ಕೇ ಅಷ್ಟು ಉದ್ದವಿಲ್ಲದ 85 ಎಂಎಂ ಲೆನ್ಸ್ ಹಾಕಿಕೊಂಡು, ಅಸಿಸ್ಟೆಂಟ್ ಹುಡುಗಿಯನ್ನು ಕಟ್ಟೆ ಮೇಲೆ ಕೂರಿಸಿ ಅವಳ ಫೋಟೋ ತೆಗೆಯುವ ನಾಟಕ ಆಡಿದೆ. ಹುಡುಗ ಕನ್ನಡಕ ತೆಗೆದರೆ ಸಿಗ್ನಲ್ ಅಂತ ಮಾತಾಗಿತ್ತು. ಪುಣ್ಯಾತ್ಮ ಬೆವರಿಗೆ ಮೂರು ಸಲ ಕನ್ನಡಕ ತೆಗೆದು ಒರೆಸಿದ. ಮೂರು ಸಲವೂ ನಾನು ಉಸಿರು ಹಿಡಿದೆ. ನಾಲ್ಕನೇ ಸಲ ಕನ್ನಡಕ ಹಾಕಿಕೊಂಡೇ ಮೊಣಕಾಲೂರಿದ.

ಹುಡುಗಿ ಬಾಯಿಗೆ ಕೈ ಇಟ್ಟು ಅಳಲಿಲ್ಲ. ಸುತ್ತ ನೋಡಿ, ಅವನ ತೋಳು ಹಿಡಿದು ಎಬ್ಬಿಸಿದಳು. "ಏ ಏಳೋ, ಮಂದಿ ನೋಡಾಕತ್ತಾರ." ಆಮೇಲೆ ಉಂಗುರದ ಡಬ್ಬಿ ಇಸಕೊಂಡು, ಮುಚ್ಚಿ, ಪರ್ಸಿಗೆ ಹಾಕಿ ಜಿಪ್ ಎಳೆದಳು. "ಅಪ್ಪಾಜಿ ಕೂಡ ಯಾವಾಗ ಮಾತಾಡ್ತಿ?" ಅಷ್ಟೇ. ಹೂಂ ಅನ್ನಲೇ ಇಲ್ಲ. ಸೂರ್ಯ, ಸಮುದ್ರ ಎಲ್ಲ ಇರುವ ಫೋಟೋ ಬೇಕಾದಷ್ಟು ಬಂದವು. ಅವರಿಬ್ಬರೂ ಫ್ರೇಮ್ ಹಾಕಿಸಿಕೊಂಡದ್ದು ಮಾತ್ರ ಜಿಪ್ ಎಳೆಯುವ ಕೈಯದು.

ಮುಂದಿನ ವರ್ಷ ಹುಬ್ಬಳ್ಳಿಯಲ್ಲಿ ಮದುವೆಯಾಯಿತು. ನನ್ನನ್ನು ಕರೆಯಲಿಲ್ಲ, ಸೋದರಮಾವನ ಪರಿಚಯದ ಫೋಟೋಗ್ರಾಫರ್ ಇದ್ದರಂತೆ. ಹುಡುಗಿ ವಾಟ್ಸಾಪ್‌ನಲ್ಲಿ ತಾಳಿ ಕಟ್ಟುವ ಫೋಟೋ ಕಳಿಸಿದಳು. ದೊಡ್ಡದು ಮಾಡಿ ನೋಡಿದೆ. ಮುಕ್ಕಾಲು ಫೋಟೋ ಭಟ್ರ ಬೆನ್ನು.